ಸೂಜಿ, ದಾರ ಮತ್ತು ದಿನದ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲಿಗೆ, ಕಸೂತಿ, ಕ್ರೋಶಾ (ಕೊಕ್ಕೆ ಕಡ್ಡಿಯಿಂದ ನೂಲಿನ ಕುಣಿಕೆ ಹಾಕುವುದು), ಹೆಣಿಗೆ, ರಫು, ತೇಪೆ, ಕೌದಿ. ಇವುಗಳ ಬಗ್ಗೆ ವರ್ಷಗಳಿಂದ ಜನ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರಲ್ಲಿ ಸೂಜಿಗೆ ದಾರ ಪೋಣಿಸಿ ಗೊತ್ತಿಲ್ಲದವರಿದ್ದಾರೆ, ಹಿಂದೆ ಸ್ವೆಟರುಗಳನ್ನೇ ಹೆಣೆದು ಆಮೇಲೆ ಕೈಬಿಟ್ಟವರೂ ಇದ್ದಾರೆ. ನನ್ನ ಉತ್ತರಗಳೆಲ್ಲ ಒಂದು ಮಾತಿನ ಸುತ್ತ ತಿರುಗುತ್ತವೆ: ದಿನಾ ಉಡುವ, ಹೊದೆಯುವ, ಕೈ ಒರೆಸುವ ಬಟ್ಟೆಯ ಮೇಲೆಯೇ ಈ ಕೆಲಸ ಶುರುವಾಗಲಿ, ಮಾಡಿದ್ದನ್ನು ದಿನಾ ಬಳಸಿ. ಹಾಗೆ ಶುರುವಾದದ್ದು ಕೈತಪ್ಪಿ ಹೋಗುವುದು ಕಡಿಮೆ.

ನನಗೆ ಸಮಯವೇ ಸಿಗುವುದಿಲ್ಲ. ಯಾವಾಗ ಮಾಡಲಿ?

ಹದಿನೈದು ನಿಮಿಷ ಸಾಕು. ಅಷ್ಟರಲ್ಲಿ ಒಂದು ಸೂಜಿ ದಾರ ಮುಗಿಯುತ್ತದೆ. ಒಂದು ಎಳೆ ಬಳ್ಳಿಯಾಗುತ್ತದೆ, ಇಲ್ಲವೇ ಕರವಸ್ತ್ರದ ಒಂದು ಅಂಚು ಮಡಚಿ ಹೊಲಿದಾಗುತ್ತದೆ. ಸಮಯಕ್ಕಿಂತ ದೊಡ್ಡ ಅಡ್ಡಿ ಎಂದರೆ ಸಾಮಾನು ಹುಡುಕುವುದು. ಕತ್ತರಿ ಒಂದು ಕಡೆ, ದಾರ ಇನ್ನೊಂದು ಕಡೆ, ಬಟ್ಟೆ ಬೀರುವಿನ ಮೇಲ್ಗಡೆ ಎಂದಾದರೆ ಆ ಹದಿನೈದು ನಿಮಿಷ ಹುಡುಕಾಟದಲ್ಲೇ ಕಳೆದುಹೋಗುತ್ತದೆ.

ಹಾಗಾಗಿ ಕೆಲಸವನ್ನೆಲ್ಲ ಒಂದು ಸಣ್ಣ ಚೀಲಕ್ಕೆ ಹಾಕಿ, ನೀವು ದಿನಾ ಕೂರುವ ಜಾಗದ ಪಕ್ಕದಲ್ಲಿಡಿ. ಏಳುವ ಮೊದಲು ಸೂಜಿಗೆ ಮುಂದಿನ ದಾರ ಪೋಣಿಸಿ, ಬಟ್ಟೆಯ ಅಂಚಿಗೆ ಚುಚ್ಚಿಟ್ಟು ಏಳಿ. ಮರುದಿನ ಕೂತ ತಕ್ಷಣ ಕೈ ಕೆಲಸಕ್ಕೆ ಹತ್ತುತ್ತದೆ. ಫೋನಿನಲ್ಲಿ ಮಾತಾಡುವಾಗ, ಯಾರನ್ನೋ ಕಾಯುವಾಗ, ಬಸ್ಸಿನಲ್ಲಿ ಕೂತಾಗ ನಾನು ಕ್ರೋಶಾ ಹಾಕುತ್ತೇನೆ. ಎಣಿಕೆ ಬೇಕಾಗುವ ಕಸೂತಿಯನ್ನು ಮಾತ್ರ ಮನೆ ಶಾಂತವಾಗಿರುವ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ತಲೆ ಬೇಡುವ ಒಂದು ಕೆಲಸ, ಬೇಡದ ಒಂದು ಕೆಲಸ, ಹೀಗೆ ಎರಡು ಏಕಕಾಲಕ್ಕೆ ನಡೆಯುತ್ತಿದ್ದರೆ ಯಾವ ಹೊತ್ತೂ ವ್ಯರ್ಥವಾಗದು.

ಕಸೂತಿ, ಕ್ರೋಶಾ, ಹೆಣಿಗೆ, ಹೊಲಿಗೆ. ಯಾವುದರಿಂದ ಶುರು ಮಾಡಲಿ?

ಮನೆಯಲ್ಲಿ ಈಗ ಏನು ಹರಿದಿದೆಯೋ ಅದರಿಂದ. ಗುಂಡಿ ಕಿತ್ತ ಅಂಗಿ, ಹೊಲಿಗೆ ಬಿಟ್ಟ ದಿಂಬಿನ ಚೀಲ, ಅಂಚು ಜೋತುಬಿದ್ದ ಪರದೆ ಇಲ್ಲದ ಮನೆ ಇಲ್ಲ. ಅದನ್ನು ಸರಿಮಾಡುವಾಗ ಸೂಜಿ ಹಿಡಿಯುವುದು, ದಾರ ಎಷ್ಟು ಎಳೆಯಬೇಕೆಂಬುದು, ಹೊಲಿಗೆಯ ಅಂತರ ಎಲ್ಲವೂ ಕೈಗೆ ಬರುತ್ತದೆ. ಕೆಟ್ಟರೂ ಹೆಚ್ಚೇನೂ ನಷ್ಟವಿಲ್ಲ, ಅದು ಮೊದಲೇ ಹರಿದಿತ್ತು. ಆಮೇಲೆ ನಿಮ್ಮ ಸ್ವಭಾವ ನೋಡಿಕೊಳ್ಳಿ. ಬಣ್ಣ, ಚಿತ್ರ ಇಷ್ಟವಿದ್ದರೆ ಕಸೂತಿ. ಕೈ ಒಂದೇ ಲಯದಲ್ಲಿ ಆಡುತ್ತಿರಲಿ ಅನ್ನಿಸಿದರೆ ಕ್ರೋಶಾ ಅಥವಾ ಹೆಣಿಗೆ. ಅಳತೆ, ಲೆಕ್ಕಾಚಾರದಲ್ಲಿ ಖುಷಿ ಸಿಗುವವರಿಗೆ ಹೊಲಿಗೆ.

ಶುರುವಿಗೆ ಏನೇನು ಸಾಮಾನು ಬೇಕು?

ಕಸೂತಿಗಾದರೆ ಒಂದು ಪೊಟ್ಟಣ ಸೂಜಿ, ಐದಾರು ಬಣ್ಣದ ಲಡಿ, ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವ ಐದಾರು ಇಂಚಿನ ಒಂದು ರಿಂಗ್, ತುದಿ ಚೂಪಾದ ಸಣ್ಣ ಕತ್ತರಿ, ಒತ್ತಾಗಿ ನೆಯ್ದ ಬಿಳಿ ಹತ್ತಿ ಬಟ್ಟೆ. ಕ್ರೋಶಾಕ್ಕೆ 4 ಮಿ.ಮೀ. ಕಡ್ಡಿ ಒಂದು, ತಿಳಿ ಬಣ್ಣದ ಮಧ್ಯಮ ದಪ್ಪದ ನೂಲಿನ ಉಂಡೆ ಒಂದು. ಕಪ್ಪು ನೂಲಿನಲ್ಲಿ ಕಲಿಯಲು ಹೋಗಬೇಡಿ, ಕುಣಿಕೆಗಳು ಕಣ್ಣಿಗೆ ಕಾಣುವುದೇ ಇಲ್ಲ. ನೂರು ಬಣ್ಣದ ಡಬ್ಬ, ಬಗೆಬಗೆಯ ಕಡ್ಡಿಗಳ ಸೆಟ್ಟು ಇವೆಲ್ಲ ಆಮೇಲೆ. ಬಟ್ಟೆಯ ಕತ್ತರಿಯಿಂದ ಮಾತ್ರ ಕಾಗದ ಕತ್ತರಿಸಬೇಡಿ, ಬೇರೆಯವರಿಗೂ ಬಿಡಬೇಡಿ. ಕಾಗದ ಕತ್ತರಿಯ ಅಲಗನ್ನು ಬೇಗ ಮೊಂಡು ಮಾಡುತ್ತದೆ, ಮೊಂಡಾದ ಕತ್ತರಿ ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತದೆ.

ಸೂಜಿಯ ನಂಬರ್ ಹೇಗೆ ನೋಡುವುದು? ಯಾವ ಸೂಜಿ ಯಾವುದಕ್ಕೆ?

ಕೈಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದಾಗುತ್ತದೆ. 5ನೇ ನಂಬರಿಗಿಂತ 9ನೇ ನಂಬರ್ ತೆಳು. ಮೆಷಿನ್ ಸೂಜಿಯಲ್ಲಿ ಇದು ತಿರುವುಮುರುವು: 90 ಎಂದರೆ 70ಕ್ಕಿಂತ ದಪ್ಪ. ಮೊದಮೊದಲು ಎಲ್ಲರೂ ಎಡವುವ ಜಾಗ ಇದು.

ಸಾಮಾನ್ಯ ಕಸೂತಿಗೆ ಉದ್ದ ಕಣ್ಣಿನ, ಚೂಪು ತುದಿಯ ಎಂಬ್ರಾಯ್ಡರಿ ಸೂಜಿ. ಎಳೆ ಎಣಿಸಿ ‘×’ ಆಕಾರದಲ್ಲಿ ಮಾಡುವ ಕ್ರಾಸ್ ಸ್ಟಿಚ್‌ಗೆ ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿ. ಅದು ಬಟ್ಟೆಯ ಎಳೆಯನ್ನು ಸೀಳದೆ ಎಳೆಗಳ ನಡುವಿನ ಕಿಂಡಿಯಲ್ಲೇ ಇಳಿಯುತ್ತದೆ. ಸರಿಯಾದ ಸೂಜಿ ಯಾವುದೆಂದು ಕಿವಿಯಿಂದಲೂ ತಿಳಿಯಬಹುದು. ಬಟ್ಟೆಯಿಂದ ಹೊರಬರುವಾಗ ಪ್ರತಿ ಸಲ ‘ಟಪ್’ ಎಂದರೆ ಸೂಜಿ ದಪ್ಪವಾಯಿತು, ಇಲ್ಲವೇ ತುದಿ ಮೊಂಡಾಗಿದೆ. ಮೊಂಡಾದ ಸೂಜಿಯನ್ನು ಜಿಪುಣತನ ಮಾಡದೆ ಬಿಸಾಡಿ.

ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ 2016ರಲ್ಲಿ ಹಕ್ಕಿಯ ಮೂಳೆಯಿಂದ ಮಾಡಿದ ಸೂಜಿಯೊಂದು ಇಡಿಯಾಗಿ ಸಿಕ್ಕಿತು. ಉದ್ದ 7.6 ಸೆಂ.ಮೀ., ವಯಸ್ಸು ಸುಮಾರು 50,000 ವರ್ಷವೆಂದು ಅಂದಾಜು. ಅದರಲ್ಲೂ ದಾರ ಪೋಣಿಸಲು ಕಣ್ಣಿದೆ. ಅದರ ಚಿತ್ರ ನೋಡಿದಾಗಲೆಲ್ಲ ನನ್ನ ಕೈಯಲ್ಲಿರುವ ಸೂಜಿಯ ಮೇಲೆ ಗೌರವ ಹೆಚ್ಚುತ್ತದೆ.

ದಾರ ಪದೇ ಪದೇ ಗಂಟಾಗುತ್ತದೆ. ಏನು ಮಾಡಲಿ?

ಮೊದಲು ಉದ್ದ ಕಡಿಮೆ ಮಾಡಿ. ಬೆರಳ ತುದಿಯಿಂದ ಮೊಣಕೈವರೆಗಿನ ಅಳತೆ, ಅಂದರೆ ಸುಮಾರು 45 ಸೆಂ.ಮೀ. ಸರಿ. ಪದೇ ಪದೇ ಪೋಣಿಸುವ ಬೇಸರಕ್ಕೆ ಮಾರುದ್ದ ದಾರ ತೆಗೆದುಕೊಂಡರೆ ಗಂಟು ಬಿಡಿಸುವುದರಲ್ಲೇ ಆ ಉಳಿತಾಯ ಹೋಗುತ್ತದೆ. ದಾರ ಬಟ್ಟೆಯನ್ನು ತೂರಿ ತೂರಿ ಜುಂಗು ಏಳುತ್ತದೆ, ಹೊಳಪೂ ಹೋಗುತ್ತದೆ.

ಕಸೂತಿ ಲಡಿಯಲ್ಲಿ ಸಾಮಾನ್ಯವಾಗಿ ಆರು ಎಳೆ ಇರುತ್ತವೆ. ಎರಡು ಎಳೆ ಬೇಕಿದ್ದರೆ ಎರಡನ್ನೂ ಒಟ್ಟಿಗೆ ಎಳೆಯಬೇಡಿ, ಸಿಕ್ಕಾಗುತ್ತದೆ. ಕತ್ತರಿಸಿದ ತುಂಡಿನ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಒಂದೇ ಎಳೆಯನ್ನು ನೇರ ಮೇಲಕ್ಕೆ ಎಳೆಯಿರಿ. ಉಳಿದ ಐದು ಎಳೆ ಬೆರಳಿನ ಕೆಳಗೆ ಮುದುಡಿಕೊಂಡು, ಆ ಎಳೆ ಹೊರಬಂದ ಕೂಡಲೇ ತಾವೇ ನೇರವಾಗುತ್ತವೆ. ಹೀಗೆ ಒಂದೊಂದಾಗಿ ತೆಗೆದು ಮತ್ತೆ ಜೋಡಿಸಿ. ಹೊಲಿಗೆ ಹೊಲಿಗೆಗೂ ದಾರಕ್ಕೆ ಸ್ವಲ್ಪ ಸ್ವಲ್ಪ ತಿರುಚು ಏರುತ್ತದೆ. ಹತ್ತು ಹದಿನೈದು ಹೊಲಿಗೆಗೊಮ್ಮೆ ಬಟ್ಟೆಯನ್ನು ತಲೆಕೆಳಗಾಗಿ ಹಿಡಿದು ಸೂಜಿಯನ್ನು ಜೋತುಬಿಡಿ, ಅದು ಗಿರಗಿರನೆ ತಿರುಗಿ ತಾನೇ ನಿಲ್ಲುತ್ತದೆ. ನನ್ನ ಬಳಿ ಕಲಿಯಲು ಬಂದ ಮಕ್ಕಳಿಗೆ ಇಡೀ ಪಾಠದಲ್ಲಿ ಅತಿ ಇಷ್ಟವಾದದ್ದು ಇದೇ.

ಬಟ್ಟೆಯ ಮೇಲೆ ಚಿತ್ರ ಇಳಿಸುವುದು ಹೇಗೆ?

ತೆಳು ಬಟ್ಟೆಯಾದರೆ ಕಿಟಕಿಯ ಗಾಜಿಗೆ ಚಿತ್ರ ಅಂಟಿಸಿ, ಅದರ ಮೇಲೆ ಬಟ್ಟೆ ಹಿಡಿದು, ತೊಳೆದರೆ ಹೋಗುವ ಪೆನ್ನಿನಲ್ಲಿ ತಿದ್ದಿ. ದಪ್ಪ ಬಟ್ಟೆಗೆ ಬಟ್ಟೆಯದೇ ಕಾರ್ಬನ್ ಪೇಪರ್. ಕಚೇರಿಯ ಕಾರ್ಬನ್ ಬೇಡ, ಅದರ ಮಸಿ ದಾರಕ್ಕೂ ಹತ್ತುತ್ತದೆ. ನೀರಿಗೆ ಹೋಗುವ ಪೆನ್ನಿನ ಗೆರೆಯ ಮೇಲೆ ಇಸ್ತ್ರಿ ಇಟ್ಟರೆ ಗೆರೆ ಕಾಯಂ ಆಗಿಬಿಡಬಹುದು. ಮೊದಲು ತಣ್ಣೀರಿನಲ್ಲಿ ತೊಳೆಯಿರಿ, ಆಮೇಲೆ ಇಸ್ತ್ರಿ.

ಎಷ್ಟು ಬಗೆಯ ಹೊಲಿಗೆ ಕಲಿತರೆ ಸಾಕು?

ಐದು. ರನ್ನಿಂಗ್ (ಸೂಜಿ ಮೇಲೆ ಕೆಳಗೆ ಹಾಯಿಸುತ್ತ ಹೋಗುವ ಬಿಡಿ ಗೆರೆ), ಬ್ಯಾಕ್ ಸ್ಟಿಚ್ (ಪ್ರತಿ ಸಲ ಹಿಂದಕ್ಕೆ ಬಂದು ಸೇರಿಸುವ ಸತತ ಗೆರೆ), ಚೈನ್ (ಸರಪಳಿಯಂಥ ಕುಣಿಕೆಗಳು), ಸ್ಯಾಟಿನ್ (ಒತ್ತೊತ್ತಾಗಿ ಜಾಗ ತುಂಬುವುದು), ಫ್ರೆಂಚ್ ನಾಟ್ (ಸೂಜಿಗೆ ದಾರ ಸುತ್ತಿ ಮಾಡುವ ಗಂಟಿನ ಬೊಟ್ಟು). ಗೆರೆ, ಕಾಂಡ, ಎಲೆ, ದಳ, ಹೂವಿನ ನಡುವಿನ ಬೊಟ್ಟು ಎಲ್ಲವೂ ಇವುಗಳಲ್ಲಿ ಆಗುತ್ತವೆ. ಇಂಗ್ಲೆಂಡಿನ ಮೇಲೆ ಫ್ರಾನ್ಸಿನ ನಾರ್ಮನ್ನರ ದಾಳಿಯ ಕಥೆ ಹೇಳುವ ಬೇಯೂ ಪಟ (ಬೇಯೂ ಟ್ಯಾಪೆಸ್ಟ್ರಿ) 11ನೇ ಶತಮಾನದ್ದು. ಟ್ಯಾಪೆಸ್ಟ್ರಿ, ಅಂದರೆ ಚಿತ್ರ ನೆಯ್ದ ಬಟ್ಟೆ, ಎಂಬ ಹೆಸರಿದ್ದರೂ ಅದು ನೆಯ್ಗೆಯಲ್ಲ, ನಾರುಬಟ್ಟೆಯ ಮೇಲೆ ಉಣ್ಣೆ ದಾರದ ಕಸೂತಿ. ಸುಮಾರು 70 ಮೀಟರ್ ಉದ್ದಕ್ಕೂ ಕುದುರೆ, ಹಡಗು, ಸೈನಿಕರು ತುಂಬಿದ್ದಾರೆ. ಅದರಲ್ಲಿ ಮುಖ್ಯವಾಗಿ ಬಳಸಿದ್ದು ಗೆರೆಗೆ ಹಗ್ಗದ ಹುರಿಯಂತೆ ಕಾಣುವ ಸ್ಟೆಮ್ ಸ್ಟಿಚ್ ಮತ್ತು ಒಳಭಾಗ ತುಂಬಲು ದಾರ ಹಾಸಿ ಅಲ್ಲಲ್ಲಿ ಬಿಗಿಯುವ ಇನ್ನೊಂದು ಹೊಲಿಗೆ, ಅಷ್ಟೇ. ಹೊಲಿಗೆಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಒಂದೇ ಹೊಲಿಗೆಯ ಅಂತರ ಸಮವಾಗಿ ಬರುವವರೆಗೆ ಹಾಕುತ್ತಿರುವುದು ಮೇಲು.

ಹಿಂಬದಿ ಅಚ್ಚುಕಟ್ಟಾಗಿರಲೇಬೇಕೇ?

ವಸ್ತುವಿನ ಮೇಲೆ ಹೋಗುತ್ತದೆ. ಚೌಕಟ್ಟು ಹಾಕಿ ಗೋಡೆಗೆ ತೂಗುವುದಾದರೆ ಹಿಂಬದಿಯನ್ನು ಯಾರೂ ನೋಡುವುದಿಲ್ಲ. ಕರವಸ್ತ್ರ, ಸೆರಗು, ಟವೆಲ್ಲಿನಂಥದ್ದರಲ್ಲಿ ಎರಡೂ ಬದಿ ಕಾಣುತ್ತದೆ. ಮಗುವಿನ ಅಂಗಿಯಾದರೆ ಹಿಂದಿನ ಗಂಟು ಮೈಗೆ ಒತ್ತುತ್ತದೆ.

ಎರಡೂ ಬದಿ ಒಂದೇ ಆಗಿರಬೇಕೆಂಬ ಹಟ ಹಿಡಿದ ಕಲೆ ಎಂದರೆ ಉತ್ತರ ಕರ್ನಾಟಕದ ಕಸೂತಿ. ಅದಕ್ಕೆ ಗವಂತಿ (ಗೆರೆ), ಮುರ್ಗಿ (ಮೆಟ್ಟಿಲಿನಂಥದ್ದು), ನೇಗಿ (ನೆಯ್ಗೆಯಂಥದ್ದು), ಮೆಂಥಿ (ಕ್ರಾಸ್ ಸ್ಟಿಚ್) ಎಂಬ ನಾಲ್ಕು ಹೊಲಿಗೆ, ಅದರಲ್ಲಿ ಎರಡೂ ಬದಿ ಒಂದೇ ಆಗಿ ಬರುವುದು ಗವಂತಿ, ಮುರ್ಗಿ. ಬಟ್ಟೆಯ ಮೇಲೆ ಚಿತ್ರ ಬರೆಯುವುದಿಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುತ್ತಾರೆ. ಗಂಟೂ ಹಾಕುವುದಿಲ್ಲ. ಗವಂತಿಯನ್ನು ಒಮ್ಮೆ ಹಾಕಿ ನೋಡಿ: ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಸೂಜಿ ಮುಂದೆ ಹೋಗುತ್ತದೆ. ಗೆರೆಯ ತುದಿ ಮುಟ್ಟಿ ಅದೇ ದಾರಿಯಲ್ಲಿ ಮರಳುವಾಗ, ಹೋಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಶುರುವಾದ ಕಡೆಗೆ ವಾಪಸಾದಾಗ ಮುಂದೂ ಹಿಂದೂ ಒಂದೇ ಗೆರೆ. ಆದರೆ ಎಲ್ಲಿಂದ ಹೊರಟು ಎಲ್ಲಿ ತಿರುಗಿ ಹೇಗೆ ಮರಳಬೇಕೆಂದು ಮೊದಲೇ ಯೋಚಿಸಿಕೊಂಡಿರಬೇಕು. ಕವಲು ಹೆಚ್ಚಾದ ಚಿತ್ರವಾದರೆ ಅದೊಂದು ಒಗಟು ಬಿಡಿಸಿದ ಹಾಗೆ.

ಶುರುವಿನಲ್ಲಿರುವವರಿಗೆ ನನ್ನ ಸಲಹೆ: ಹಿಂಬದಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆರಳಗಲಕ್ಕಿಂತ ದೂರ ದಾರ ಹಾರಿಸಬೇಡಿ ಅಷ್ಟೇ, ತಿಳಿ ಬಟ್ಟೆಯಲ್ಲಿ ಅದು ಮುಂದಕ್ಕೆ ನೆರಳಾಗಿ ಕಾಣುತ್ತದೆ. ಲಖನೌದ ಚಿಕನ್‌ಕಾರಿ ಕಸೂತಿಯವರು ಇದೇ ನೆರಳನ್ನು ಬೇಕೆಂದೇ ಬಳಸುತ್ತಾರೆ. ತೆಳು ಬಟ್ಟೆಯ ಹಿಂದೆ ಹೆರಿಂಗ್‌ಬೋನ್ ಎಂಬ ಅಡ್ಡಡ್ಡ ದಾಟುವ ಹೊಲಿಗೆ ಹಾಕಿ, ಮುಂದೆ ಮಂಜಿನಂಥ ಬಣ್ಣ ಬರುವಂತೆ ಮಾಡುತ್ತಾರೆ.

ನಾನು ಹಾಕಿದ ಗುಂಡಿ ವಾರಕ್ಕೇ ಕಿತ್ತುಬರುತ್ತದೆ. ಎಲ್ಲಿ ತಪ್ಪು?

ಗುಂಡಿಯನ್ನು ಬಟ್ಟೆಗೆ ಅಂಟಿಸಿದ ಹಾಗೆ ಬಿಗಿದಿರುತ್ತೀರಿ. ಗುಂಡಿ ಕಾಜಾದೊಳಗೆ ಹೋದಾಗ ಆ ಪದರದ ದಪ್ಪಕ್ಕೆ ಜಾಗ ಬೇಕು. ಇಲ್ಲದಿದ್ದರೆ ಪ್ರತಿ ಸಲ ಹಾಕಿ ತೆಗೆಯುವಾಗಲೂ ದಾರ ಜಗ್ಗುತ್ತದೆ. ಗುಂಡಿಯ ಮೇಲೆ, ಕಣ್ಣುಗಳ ನಡುವೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದಲೇ ಹೊಲಿಯಿರಿ. ಪ್ರತಿ ಜೋಡಿ ಕಣ್ಣಿಗೆ ಮೂರು ಸುತ್ತು ಸಾಕು. ಈಗ ಕಡ್ಡಿ ಎಳೆದುಹಾಕಿ, ಗುಂಡಿಯನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಗುಂಡಿಗೂ ಬಟ್ಟೆಗೂ ನಡುವೆ ದಾರದ ಸಣ್ಣ ಕಾಲು ಕಾಣುತ್ತದೆ. ಸೂಜಿಯನ್ನು ಆ ಜಾಗಕ್ಕೆ ತಂದು, ಕಾಲಿಗೆ ದಾರವನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ಹಿಂದಕ್ಕೆ ಹಾಯಿಸಿ ಎರಡು ಸಣ್ಣ ಹೊಲಿಗೆ ಹಾಕಿ ಕತ್ತರಿಸಿ. ಕೋಟಿನ ಗುಂಡಿಯಾದರೆ ಹಿಂಬದಿಯಲ್ಲಿ ಸಣ್ಣ ಗುಂಡಿಯೊಂದನ್ನು ಆಧಾರಕ್ಕಿಟ್ಟು ಎರಡನ್ನೂ ಸೇರಿಸಿ ಹೊಲಿಯಬಹುದು, ಬಟ್ಟೆ ಹರಿಯುವುದಿಲ್ಲ.

ತೂತುಬಿದ್ದ ಬಟ್ಟೆಯನ್ನು ಉಳಿಸಬಹುದೇ?

ಬಹಳಷ್ಟನ್ನು ಉಳಿಸಬಹುದು, ಇದು ನನ್ನ ಅತ್ಯಂತ ಪ್ರೀತಿಯ ಕೆಲಸವೂ ಹೌದು. ರಫು ಎಂದರೆ ತೂತಿನ ಮೇಲೆ ಸೂಜಿಯಲ್ಲಿ ಬಟ್ಟೆ ನೆಯ್ಯುವುದು. ತೂತಿನ ಕೆಳಗೆ ನಯವಾದ, ಉಬ್ಬಿದ ಗಟ್ಟಿ ವಸ್ತುವೊಂದನ್ನಿಡಿ, ಹಳೆಯ ಬಲ್ಬು ಆದರೂ ಸರಿ. ತೂತಿನ ಅಂಚಿಗಿಂತ ಒಂದು ಸೆಂ.ಮೀ. ಆಚೆಯಿಂದ, ಗಟ್ಟಿ ಬಟ್ಟೆಯಲ್ಲಿ ಸಣ್ಣ ರನ್ನಿಂಗ್ ಹಾಕುತ್ತ ಬಂದು, ತೂತಿನ ಮೇಲೆ ದಾರವನ್ನು ಆಚೆ ದಡಕ್ಕೆ ಹಾಯಿಸಿ. ತಿರುಗುವಾಗ ಪೂರ್ತಿ ಎಳೆಯದೆ ಎಳ್ಳಿನಷ್ಟು ಕುಣಿಕೆ ಬಿಡಿ, ತೊಳೆದಾಗ ದಾರ ಕುಗ್ಗಿದರೂ ಬಟ್ಟೆ ಮುದುಡುವುದಿಲ್ಲ. ಹೀಗೆ ಹಾಸು ಮುಗಿಯಿತು. ಈಗ ಅಡ್ಡಕ್ಕೆ ಹೊಕ್ಕು: ಒಂದು ದಾರದ ಮೇಲೆ, ಮುಂದಿನದರ ಕೆಳಗೆ. ಮುಂದಿನ ಸಾಲಿನಲ್ಲಿ ಅದನ್ನು ಅದಲುಬದಲು ಮಾಡಿ. ಸೂಜಿಯ ತುದಿಯಿಂದ ಸಾಲುಗಳನ್ನು ಒತ್ತೊತ್ತಾಗಿ ದೂಡುತ್ತ ಹೋದರೆ, ಖಾಲಿ ಇದ್ದ ಜಾಗದಲ್ಲಿ ಬೆರಳಗಲದ ಹೊಸ ಬಟ್ಟೆಯೇ ಹುಟ್ಟುತ್ತದೆ. ಮೊದಲ ಸಲ ಹಾಗಾದಾಗ ಅದರ ಮೇಲೆ ಬೆರಳಾಡಿಸುತ್ತ ನಾನು ತುಂಬ ಹೊತ್ತು ಕೂತಿದ್ದೆ.

ಕಾಣದ ಹಾಗೆ ಮಾಡಬೇಕೆಂದೇನೂ ಇಲ್ಲ. ಜಪಾನಿನಲ್ಲಿ ನೀಲಿ ಬಟ್ಟೆಯ ಮೇಲೆ ಬಿಳಿ ದಾರದ ಸಾಲುಸಾಲು ರನ್ನಿಂಗ್ ಹಾಕುವ ಸಾಶಿಕೋ ಎಂಬ ಪದ್ಧತಿ ಬೆಳೆದದ್ದು ಬಡವರ ಬಟ್ಟೆಯನ್ನು ಗಟ್ಟಿ ಮಾಡಲು, ಬೆಚ್ಚಗಿಡಲು. ಇಂದು ಅದನ್ನು ಅಂದಕ್ಕೇ ಕಲಿಯುತ್ತಾರೆ. ನನ್ನದೊಂದು ಅಂಗಿಯ ಮೊಣಕೈಗೆ ಬೇರೆ ಬಣ್ಣದ ತೇಪೆ ಹಾಕಿದ್ದೇನೆ. ತೇಪೆಯ ಸುತ್ತ ನಾಲ್ಕು ಸಾಲು ಬಿಳಿ ಹೊಲಿಗೆ ಇದೆ. ಹೊಸದಾಗಿದ್ದಾಗ ಆ ಅಂಗಿ ನನಗೆ ಇಷ್ಟು ಪ್ರಿಯವಾಗಿರಲಿಲ್ಲ.

ಮನೆಯಲ್ಲಿ ಹಳೆ ಬಟ್ಟೆ ರಾಶಿ ಬಿದ್ದಿದೆ. ಏನು ಮಾಡಬಹುದು?

ಕೌದಿ. ಪದರ ಪದರವಾಗಿ ಹಾಸಿ ಉದ್ದಕ್ಕೂ ರನ್ನಿಂಗ್ ಹೊಲಿಗೆ ಹಾಕುವುದಷ್ಟೇ ಅದರ ತಂತ್ರ. ಬಂಗಾಳದ ಕಾಂಥಾದ ಮೂಲವೂ ಇದೇ. ಹಳೆ ಸೀರೆಗಳನ್ನು ಒಂದರ ಮೇಲೊಂದಿಟ್ಟು, ಸೀರೆಯ ಅಂಚಿನಿಂದ ಬಿಡಿಸಿದ ಬಣ್ಣದ ದಾರದಿಂದಲೇ ಹೊಲಿಯುತ್ತಿದ್ದರು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಹೊರ ಅಂಚಿನಿಂದ ಶುರು ಮಾಡಿ, ತುಂಡು ತುಂಡು ಸೇರಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಹೂವು’ ಇಡುತ್ತಾರೆ.

ಮೊದಲ ಸಲಕ್ಕೆ ಹಾಸಿಗೆಯಗಲದ್ದು ಬೇಡ. ಕುರ್ಚಿಯ ಮೇಲೆ ಹಾಸುವಷ್ಟು, ಒಂದೂವರೆ ಅಡಿ ಚೌಕ ಸಾಕು. ಸವೆದು ತೆಳ್ಳಗಾದ ಹತ್ತಿ ಬಟ್ಟೆ ಒಳಪದರಕ್ಕೆ, ಗಟ್ಟಿ ಇರುವುದು ಹೊರಗೆ. ಜಾರುವ ಪಾಲಿಯೆಸ್ಟರನ್ನು ಹತ್ತಿಯ ಜೊತೆ ಬೆರೆಸದಿದ್ದರೆ ಒಳ್ಳೆಯದು, ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಗುಳ್ಳೆ ಏಳುತ್ತದೆ. ಹೊಸ ಹತ್ತಿ ಬಟ್ಟೆ ಸೇರಿಸುವುದಾದರೆ ಮೊದಲೇ ಒಮ್ಮೆ ತೊಳೆದು ಒಣಗಿಸಿ.

ಕ್ರೋಶಾದಲ್ಲಿ ದುಂಡಗೆ ಹಾಕಲು ಹೋದರೆ ಅಲೆ ಅಲೆಯಾಗುತ್ತದೆ, ಇಲ್ಲವೇ ಬಟ್ಟಲಾಗುತ್ತದೆ. ಯಾಕೆ?

ಲೆಕ್ಕ ತಪ್ಪಿದೆ. ಸಿಂಗಲ್ ಕ್ರೋಶಾದಲ್ಲಿ, ಅಂದರೆ ಕ್ರೋಶಾದ ಗಿಡ್ಡ ಹೊಲಿಗೆಯಲ್ಲಿ, ಮೊದಲ ಸುತ್ತಿಗೆ 6 ಹೊಲಿಗೆ, ಆಮೇಲೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸಿ: 12, 18, 24, 30. ಆಗ ಚಪ್ಪಟೆಯಾಗಿ ಕೂರುತ್ತದೆ. ಹೆಚ್ಚಿಸುವುದು ಕಡಿಮೆಯಾದರೆ ಅಂಚು ಒಳಕ್ಕೆ ಬಾಗಿ ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚಿಗೆ ಜಾಗ ಸಾಲದೆ ನಿರಿಗೆಗಟ್ಟುತ್ತದೆ. ಬ್ರಿಟಿಷ್ ಪುಸ್ತಕ ನೋಡಿ ಮಾಡುತ್ತಿದ್ದರೆ ಒಂದು ಎಚ್ಚರ: ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನೇ ಅಲ್ಲಿ ಡಬಲ್ ಕ್ರೋಶಾ ಎನ್ನುತ್ತಾರೆ. ಅನೇಕರ ಅಳತೆ ತಪ್ಪುವುದು ಇಲ್ಲೇ.

ಆ ನಿರಿಗೆಯನ್ನು ಕಂಡು ಬೇಸರಪಡಬೇಡಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಇದೇ ನಿರಿಗೆಯನ್ನು ಲೆಕ್ಕಬದ್ಧವಾಗಿ ಹಾಕಿ, ಹೈಪರ್ಬೋಲಿಕ್ ಜ್ಯಾಮಿತಿಯ (ಹೊರಕ್ಕೆ ಹೋದಷ್ಟೂ ಹಿಗ್ಗುತ್ತ ಅಲೆಯಾಗುವ) ಮೇಲ್ಮೈಯನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು. ಕಾಗದದಲ್ಲಿ ಮಾಡಿದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು, ನೂಲಿನದು ಬಾಳಿತು. ಕೆಲವು ಹವಳಗಳ, ಕೆಲವು ಸೊಪ್ಪಿನ ಅಂಚು ನಿರಿಗೆಗಟ್ಟುವುದೂ ಇಂಥ ಬೆಳವಣಿಗೆಯಿಂದಲೇ.

ಉಣ್ಣೆಯ ಸ್ವೆಟರ್ ತೊಳೆದ ಮೇಲೆ ಮಗುವಿನ ಅಳತೆಗೆ ಬಂತು. ಸರಿಮಾಡಬಹುದೇ?

ಇಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹಾಗೆ ಸಣ್ಣ ಹುರುಪೆಗಳಿವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ಆದರೆ ಹಾಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೆ ಅಂಚು ಬಿಚ್ಚುವುದಿಲ್ಲ. ಸೂಜಿ ಚುಚ್ಚಿಡುವ ಪುಟ್ಟ ಪುಸ್ತಕ, ಕನ್ನಡಕದ ಚೀಲಕ್ಕೆ ಹೇಳಿ ಮಾಡಿಸಿದಂಥ ಬಟ್ಟೆ. ಮುಂದಿನ ಸಲ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹಾಸಿ ಒಣಗಿಸಿ. ತೂಗಿಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ.

ಕಣ್ಣು ಆಯಾಸವಾಗುತ್ತದೆ, ಹೆಬ್ಬೆರಳು ನೋಯುತ್ತದೆ. ನಿಲ್ಲಿಸಬೇಕೇ?

ನಿಲ್ಲಿಸುವುದಕ್ಕಿಂತ ಮೊದಲು ಬೆಳಕು ನೋಡಿ. ಬಲಗೈಯವರಿಗೆ ದೀಪ ಎಡಗಡೆಯಿಂದ ಬೀಳಬೇಕು, ಆಗ ಕೈಯ ನೆರಳು ಹೊಲಿಗೆಯ ಮೇಲೆ ಬೀಳದು. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಕಿಂಡಿಗಳು ಎದ್ದು ಕಾಣುತ್ತವೆ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ, 20 ಅಡಿಯಾಚೆಗೆ 20 ಸೆಕೆಂಡು ನೋಡಿ. ನಲವತ್ತು ದಾಟಿದವರಿಗೆ ಹತ್ತಿರದ ಕನ್ನಡಕ ಬೇಕಾಗುವುದು ಸಹಜ, ಅದನ್ನು ಮುಂದೂಡಬೇಡಿ. ಕೈಗೆ ನೋವು ಬರುವುದು ಸಾಮಾನ್ಯವಾಗಿ ಕಡ್ಡಿಯನ್ನೋ ರಿಂಗನ್ನೋ ಬಿಗಿಯಾಗಿ ಹಿಡಿಯುವುದರಿಂದ. ದಪ್ಪ ಹಿಡಿಯ ಕಡ್ಡಿ ಬಳಸಿ. ಜೋಮು ಹಿಡಿಯುತ್ತಿದ್ದರೆ, ರಾತ್ರಿಯೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ನಾನು ಎಡಚ. ಚಿತ್ರಗಳಲ್ಲಿರುವುದೆಲ್ಲ ನನಗೆ ಉಲ್ಟಾ.

ಚಿತ್ರವನ್ನು ಕನ್ನಡಿಯಲ್ಲಿ ಹಿಡಿದು ನೋಡಿ, ಅಥವಾ ಕಲಿಸುವವರ ಪಕ್ಕದಲ್ಲಿ ಕೂರುವ ಬದಲು ಎದುರಿಗೆ ಕೂರಿ. ಕ್ರಾಸ್ ಸ್ಟಿಚ್‌ನಲ್ಲಿ ಈ ತೊಂದರೆಯೇ ಇಲ್ಲ, ಮೇಲಿನ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಬಿದ್ದರಾಯಿತು.

ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಕಲಿಸಬಹುದು?

ಐದಾರು ವರ್ಷಕ್ಕೆ. ಮೊಂಡು ತುದಿಯ ದೊಡ್ಡ ಸೂಜಿ, ಗೋಣಿಯಂಥ ಅಗಲ ಕಿಂಡಿಯ ಬಟ್ಟೆ, ದಪ್ಪ ಉಲ್ಲನ್ ಕೊಡಿ. ಪಕ್ಕದಲ್ಲಿ ನೀವೂ ನಿಮ್ಮ ಕೆಲಸ ಹಿಡಿದು ಕೂತಿರಿ. ಅವರು ಹಾಕಿದ ವಕ್ರ ಹೊಲಿಗೆಯನ್ನು ಅವರಿಲ್ಲದಾಗ ಬಿಚ್ಚಿ ಸರಿಮಾಡಬೇಡಿ. ಅವರಿಗೆ ಗೊತ್ತಾಗುತ್ತದೆ, ಬಹಳ ನೋವೂ ಆಗುತ್ತದೆ.

ಗಂಡಸರು ಮಾಡುತ್ತಾರೆಯೇ?

ಮೊದಲಿನಿಂದಲೂ ಮಾಡುತ್ತಿದ್ದಾರೆ. ಚಿನ್ನ ಬೆಳ್ಳಿ ಬಣ್ಣದ ಎಳೆಯ ಜರ್ದೋಸಿ, ಕಾಶ್ಮೀರದ ಶಾಲುಗಳ ಸೋಜ್ನಿ ಕಸೂತಿ ಬಹುಮಟ್ಟಿಗೆ ಗಂಡಸರ ಕಸುಬು. ಹಡಗಿನವರಿಗೆ ಹಾಯಿ, ಬಟ್ಟೆ ಹೊಲಿಯುವುದು ಕೆಲಸದ ಭಾಗವೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದ ಬ್ರಿಟಿಷ್ ಮೇಜರ್ ಅಲೆಕ್ಸಿಸ್ ಕಾಸ್‌ಡಾಗ್ಲಿ, ಸಹಕೈದಿ ಕೊಟ್ಟ ಕ್ಯಾನ್ವಾಸ್ ತುಂಡಿನ ಮೇಲೆ ಹಳೆ ಸ್ವೆಟರಿನಿಂದ ಬಿಚ್ಚಿದ ದಾರದಲ್ಲಿ 1941ರ ಡಿಸೆಂಬರಿನಲ್ಲಿ ಒಂದು ಕಸೂತಿ ಮಾಡಿದರು. ಅಂಚಿನ ಚುಕ್ಕಿ ಗೆರೆಗಳು ಬರಿಯ ಅಲಂಕಾರವೆಂದು ಕಾವಲಿನವರು ತಿಳಿದರು. ಅವು ಮೋರ್ಸ್ ಸಂಕೇತದಲ್ಲಿ ತಮ್ಮ ದೊರೆಗೆ ಹಾರೈಕೆ, ಹಿಟ್ಲರನಿಗೆ ಬೈಗುಳ. ಅದನ್ನು ಜರ್ಮನ್ನರು ತಮ್ಮ ಶಿಬಿರಗಳಲ್ಲೇ ಪ್ರದರ್ಶನಕ್ಕಿಟ್ಟಿದ್ದರು.

ತಪ್ಪಾದರೆ ಬಿಚ್ಚಲೇಬೇಕೇ?

ಹೆಣಿಗೆಯಲ್ಲಿ ಮನೆ (ಕಡ್ಡಿಯ ಮೇಲಿನ ಕುಣಿಕೆ) ಜಾರಿದ್ದರೆ ಬಿಚ್ಚಿ, ಇಲ್ಲವೇ ಕ್ರೋಶಾ ಕಡ್ಡಿಯಿಂದ ಎತ್ತಿಕೊಳ್ಳಿ. ಬಿಟ್ಟರೆ ಕೆಳಗಿನವರೆಗೂ ಜಾರುತ್ತದೆ. ಎಣಿಕೆಯ ಕಸೂತಿಯಲ್ಲಿ ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಅಲ್ಲೂ ಬಿಚ್ಚಿ. ಉಳಿದಂತೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಕೈಯಳತೆಯ ದೂರದಿಂದ ನೋಡಿ. ಕಾಣದಿದ್ದರೆ ಇರಲಿ. ಬಿಚ್ಚುವಾಗ ಎಳೆದು ಕೀಳದೆ, ಹಿಂಬದಿಯಿಂದ ಅಲ್ಲಲ್ಲಿ ಕತ್ತರಿಸಿ ತುಂಡುಗಳನ್ನು ತೆಗೆಯಿರಿ.

ಮಾಡಿದ್ದನ್ನು ತೊಳೆಯುವುದು, ಎತ್ತಿಡುವುದು ಹೇಗೆ?

ಒದ್ದೆ ಬಿಳಿ ಬಟ್ಟೆಯನ್ನು ದಾರದ ಮೇಲೆ ಒತ್ತಿ ಮೊದಲು ಬಣ್ಣ ಬಿಡುತ್ತದೆಯೇ ನೋಡಿ. ಗಾಢ ಕೆಂಪು, ನೀಲಿಗಳ ಮೇಲೆ ವಿಶೇಷ ಗಮನವಿರಲಿ. ಬಿಡದಿದ್ದರೆ ತಣ್ಣೀರು, ಸೌಮ್ಯ ಸೋಪು, ನೆರಳಲ್ಲಿ ಒಣಗಿಸುವುದು. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ಲಿನ ಮೇಲೆ ಮುಖ ಕೆಳಗೆ ಮಾಡಿ ಹಾಸಿ, ಹಿಂಬದಿಯಿಂದ ಒತ್ತಿ. ಹೊಲಿಗೆಗಳು ಟವೆಲ್ಲಿನ ಮೆತ್ತೆಯಲ್ಲಿ ಹುದುಗಿ ಉಬ್ಬಾಗಿಯೇ ಉಳಿಯುತ್ತವೆ. ರಿಂಗನ್ನು ದಿನದ ಕೆಲಸ ಮುಗಿದ ಕೂಡಲೇ ಬಿಚ್ಚಿಡಿ, ಇಲ್ಲದಿದ್ದರೆ ಅದರ ದುಂಡು ಕಲೆ ಹೋಗುವುದು ಕಷ್ಟ. ಸೂಜಿಯನ್ನು ಚಿತ್ರದ ನಡುವೆ ಚುಚ್ಚಿಡಬೇಡಿ, ತುಕ್ಕು ಹಿಡಿಯುತ್ತದೆ.

ಎತ್ತಿಡುವ ವಿಷಯದಲ್ಲಿ ನನಗೊಂದು ಸಂಕಟವಿದೆ. ಎರಡು ವರ್ಷ ಕೂತು ಮಾಡಿದ ಮೇಜಿನ ಹಾಸೊಂದನ್ನು ಹಾಳಾದೀತೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ. ಹನ್ನೊಂದು ವರ್ಷದ ಮೇಲೆ ತೆಗೆದಾಗ ಮಡಿಕೆಯ ಉದ್ದಕ್ಕೂ ಹಳದಿ ಗೆರೆ, ಒಂದು ಮಡಿಕೆಯಲ್ಲಿ ಎಳೆಗಳೇ ಮುರಿದಿದ್ದವು. ಒಂದು ದಿನವೂ ಅದರ ಮೇಲೆ ಯಾರ ಕೈಯೂ ಬಿದ್ದಿರಲಿಲ್ಲ. ಅದೇ ಕಾಲದಲ್ಲಿ ಮಾಡಿ ದಿನಾ ಬಳಸಿದ ಕೈಬಟ್ಟೆಯ ಬಣ್ಣ ಮಾಸಿದೆ, ಆದರೆ ಅದರ ಅಂಚಿನ ಹೂವುಗಳು ನನ್ನ ಮನೆಯವರೆಲ್ಲರಿಗೂ ಗೊತ್ತು. ಎತ್ತಿಡಲೇಬೇಕಾದದ್ದನ್ನು ತೊಳೆದ ಹತ್ತಿ ಬಟ್ಟೆಯಲ್ಲಿ ಸುರುಳಿ ಸುತ್ತಿ ಇಡಿ, ಮಡಚಿದರೆ ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಉಳಿದದ್ದನ್ನೆಲ್ಲ ಹೊರಗೆ ತನ್ನಿ.

ಅರ್ಧಕ್ಕೆ ನಿಂತ ಕೆಲಸಗಳೇ ಹತ್ತಿವೆ. ಏನು ಮಾಡಲಿ?

ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ. ಇವತ್ತು ಕೈಗೆತ್ತಿಕೊಳ್ಳಬೇಕು ಅನ್ನಿಸಿದ ಒಂದನ್ನು ಕೂರುವ ಜಾಗದ ಚೀಲಕ್ಕೆ ಹಾಕಿ. ಉಲ್ಲನ್ ಆದರೆ ಬೇಡದ್ದನ್ನು ಬಿಚ್ಚಿ ಲಡಿ ಮಾಡಿ, ತಣ್ಣೀರಿನಲ್ಲಿ ನೆನೆಸಿ ಒಣಹಾಕಿದರೆ ಸುರುಳಿ ಬಿಟ್ಟು ಮತ್ತೆ ಬಳಸಲು ಬರುತ್ತದೆ. ದೊಡ್ಡ ಕಸೂತಿಯಲ್ಲಿ ಮುಗಿದಷ್ಟು ಭಾಗ ಚೆನ್ನಾಗಿದ್ದರೆ ಅದನ್ನಷ್ಟೇ ಕತ್ತರಿಸಿ, ಅಂಚು ಮಡಚಿ, ಒಂದು ಚೀಲದ ಜೇಬಾಗಿ ಹೊಲಿದುಬಿಡಿ. ಆರು ಹೂವಿನಲ್ಲಿ ಎರಡೇ ಮುಗಿದಿದ್ದ ನನ್ನದೊಂದು ಬಟ್ಟೆ ಈಗ ಹಾಗೆಯೇ ಬೀಗದ ಕೈ ಇಡುವ ಜೇಬಾಗಿದೆ. ಮನೆಯಿಂದ ಹೊರಡುವಾಗಲೆಲ್ಲ ಬೆರಳು ಆ ಎರಡು ಹೂವನ್ನು ಸವರಿಯೇ ಒಳಗೆ ಹೋಗುತ್ತದೆ.